ಮೂರು ತಿಂಗಳೋ, ಎರಡು ವರ್ಷವೋ: ನೀರು-ನೈರ್ಮಲ್ಯ ಪರಿಹಾರ ಕಾರ್ಯಕರ್ತರಿಗೆ ಯಾವ ತರಬೇತಿ?

ನಿರಾಶ್ರಿತರ ಶಿಬಿರದಲ್ಲಿ ನೀರು, ಶೌಚಾಲಯಗಳ ಹೊಣೆ ಹೊತ್ತವರು ರೋಗದ ಲೆಕ್ಕವನ್ನೂ ಓದಬಲ್ಲವರಾಗಬೇಕೆಂದರೆ ಮುಖ್ಯವಾಗಿ ಎರಡು ದಾರಿಗಳಿವೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ 2001ರಲ್ಲಿ ಆರಂಭವಾದಂತಹ, ರೋಗ ಎಲ್ಲಿಂದ ಹೇಗೆ ಹರಡಿತೆಂದು ಸ್ಥಳದಲ್ಲೇ ಹುಡುಕಲು ಕಲಿಸುವ ಕ್ಷೇತ್ರ ತರಬೇತಿ 2 ವರ್ಷದ್ದು. ಮುಂಚೂಣಿ ಸಿಬ್ಬಂದಿಗೆಂದು ಹಲವು ದೇಶಗಳಲ್ಲಿ ನಡೆಯುವ, ಇಂಥದೇ ತರಬೇತಿಯ 'ಫ್ರಂಟ್‌ಲೈನ್' ಹಂತ ಸುಮಾರು 3 ತಿಂಗಳಿನದು, ಅದರಲ್ಲೂ ಹೆಚ್ಚಿನ ಕಾಲ ಕೆಲಸದ ಜಾಗದಲ್ಲೇ ಕಳೆಯುತ್ತದೆ.

ನಿತ್ಯದ ಕೆಲಸಕ್ಕೆ ಚಿಕ್ಕದೇ ಸಾಕೆಂಬುದು ನನ್ನ ಎಣಿಕೆ. ನಲ್ಲಿಯ ನೀರಿಗೆ ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆ ಹಾಕಿ, ಏರುವ ಗುಲಾಬಿ ಬಣ್ಣವನ್ನು ನೋಡಿ, ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇದೆಯೇ ಎಂದು ತಿಳಿಯುವುದು ಎಂಜಿನಿಯರಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದಿರುವುದು, ರೋಗಿಗಳ ಪಟ್ಟಿಯಲ್ಲಿರುವ ವಯಸ್ಸು, ಗುಡಾರ, ಭೇದಿ ಶುರುವಾದ ದಿನ, ನೀರು ತಂದ ಜಾಗ ಇವುಗಳನ್ನು ಜೋಡಿಸಿ, ಯಾವ ಕೊಳವೆಬಾವಿಯನ್ನು ಮೊದಲು ಶಂಕಿಸಬೇಕೆಂದು ನಿರ್ಧರಿಸುವುದು. ಅಷ್ಟನ್ನು 3 ತಿಂಗಳಲ್ಲಿ ಕಲಿಯಬಹುದು.

ಆದರೆ 2010ರ ಅಕ್ಟೋಬರ್‌ನಲ್ಲಿ ಹೈಟಿಯ ಆರ್ಟಿಬೊನೈಟ್ ನದಿಯ ಬಯಲಿನಲ್ಲಿ ಹಬ್ಬಿದಂತಹ ಕಾಲರಾದ ಮೂಲವನ್ನು ಹುಡುಕಲು, ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸುವ ಅಧ್ಯಯನ ನಡೆಸಲು ದೀರ್ಘ ಅಭ್ಯಾಸವೇ ಬೇಕು. ತಂಡಕ್ಕೆ ಅಂಥವರೊಬ್ಬರಿದ್ದರೆ ಸಾಕು (ಅವರಿಗೆ ಪಂಪು ಬಿಚ್ಚಲು ಬರುವುದಿಲ್ಲ ಎಂಬುದು ಬೇರೆ ಮಾತು). ಆರು ತಿಂಗಳ ಗುತ್ತಿಗೆಯ ಮೇಲೆ ಬರುವವರಿಗಂತೂ 2 ವರ್ಷದ ಓದು ದಕ್ಕುವಂಥದ್ದಲ್ಲ.