"ಕಂಪನಿ ಕಂಪನಿ ಪಾರ್ಟ್ನರ್ ಅವ" ಅಂತ ಹೇಳಿ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಸೆಟ್ ಮಾರೋರಿದ್ದಾರ, ರೊಕ್ಕ ಕೊಡೋಕ್ಕಿಂತ ಮೊದಲ ಇದು ಓದ್ರಿ

ಬೀದರ್, ಕಲಬುರಗಿ, ಯಾದಗಿರಿ ಕಡೆ ಸ್ಟುಡಿಯೊ ಇಟ್ಕೊಂಡಿರೋ ಅಣ್ಣ ತಮ್ಮಂದಿರು, ಪ್ರಾಡಕ್ಟ್ ಶೂಟ್ ಮಾಡೋ ಅಕ್ಕ ತಂಗ್ಯಾರು ಇದನ್ನ ಪೂರ್ತಿ ಓದ್ರಿ, ಉದ್ದ ಅದ ಅಂತ ಬಿಡಬ್ಯಾಡ್ರಿ. ಹೈದರಾಬಾದಿನ ಒಬ್ಬ ಡೀಲರ್ ನಮ್ಮ ಊರುಗಳಿಗೆ ಬಂದು ಹೋಟೆಲ್ ಹಾಲಿನ್ಯಾಗ ಡೆಮೊ ಇಟ್ಟು ಹ್ಯಾಸಲ್‌ಬ್ಲಾಡ್ ಕಂಪನಿಯ ಮೀಡಿಯಂ ಫಾರ್ಮ್ಯಾಟ್, ಅಂದ್ರ ದೊಡ್ಡ ಸೆನ್ಸರಿನ ಕ್ಯಾಮೆರಾ ಸೆಟ್ ಮಾರ್ಲಾಕತ್ತಾನ. ಹೆಸರು ಹಾಕಂಗಿಲ್ಲ, ಯಾಕಂದ್ರ ನನ್ನ ಕಂಪ್ಲೇಂಟ್ ಇನ್ನಾ ನಡದದ, ಆದ್ರ ಅವ ಹ್ಯಾಂಗ ಮಾತಾಡ್ತಾನ, ಏನು ಮುಚ್ಚಿಡ್ತಾನ ಅಂತ ಹೇಳ್ತೀನಿ, ಗುರುತು ಹಿಡೀಲಿಕ್ಕೆ ಅಷ್ಟು ಸಾಕು.

ನಾನು ಬೀದರಿನವ. ಮದಿವಿ ಸೀಸನ್ ಬಿಟ್ರ ನನ್ನ ದೊಡ್ಡ ಕೆಲಸ ಅಂದ್ರ ಬಿದ್ರಿ ಸಾಮಾನಿನ ಕ್ಯಾಟಲಾಗ್. ಬಿದ್ರಿ ಫೋಟೊ ತೆಗದವರಿಗೆ ಗೊತ್ತು ಅದೆಷ್ಟು ಕಷ್ಟ ಅಂತ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕುಂದ್ರಿಸಿ, ಕಡೀಕ ಕಿಲ್ಲಾದ ಮಣ್ಣು ನವಸಾಗರ ಹಾಕಿದ ನೀರಾಗ ಬಿಸಿ ಮಾಡಿ ಹಚ್ಚಿದ್ರ ಸತು ಕರ್ರಗ ಆಗ್ತದ, ಬೆಳ್ಳಿ ಮಾತ್ರ ಹಂಗೇ ಬೆಳ್ಳಗ ಉಳೀತದ. ಅಂದ್ರ ಒಂದೇ ಹೂಜಿ ಮ್ಯಾಲ ಪೂರಾ ಕರಿ, ಪೂರಾ ಹೊಳಪು, ಎರಡೂ ಒಂದೊಂದು ಎಳಿ ಅಂತರದಾಗ. ಫೋಟೊದಾಗ ಬೆಳ್ಳಿ ಡೀಟೇಲಿಲ್ಲದ ಬರೇ ಬಿಳಿ ಆಗಬಾರದು, ಕರಿ ಒಳಗಿನ ಡೀಟೇಲೂ ಹೋಗಬಾರದು. ಅದಕ್ಕೇ ನನಗ ಮೀಡಿಯಂ ಫಾರ್ಮ್ಯಾಟ್ ಬೇಕಾಗಿತ್ತು. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್, ಇವು 43.8×32.9, ಜಾಗ ಹೆಚ್ಚೂ ಕಡಿಮಿ 1.7 ಪಟ್ಟು. ಮತ್ತ ಹ್ಯಾಸಲ್‌ಬ್ಲಾಡ್ ಎಕ್ಸ್ ಸಿಸ್ಟಮಿನ್ಯಾಗ ಶಟರ್ ಇರೋದು ಲೆನ್ಸಿನೊಳಗ, ಫ್ಲ್ಯಾಶ್ ಶಟರಿನ ಎಲ್ಲಾ ಸ್ಪೀಡಿಗೂ ಸಿಂಕ್ ಆಗ್ತದ, ಅಂದ್ರ ಶಟರ್ ಪೂರಾ ತೆರದಾಗಲೇ ಫ್ಲ್ಯಾಶ್ ಹೊಡೀತದ. ಫ್ಯೂಜಿ ಜಿಎಫ್‌ಎಕ್ಸ್ ಬಾಡಿ ಶಟರ್ ಸಿಂಕ್ 1/125 ಸೆಕೆಂಡಿಗೇ ಮುಗೀತು. ಕಿಡಕಿ ಬೆಳಕು ಬೀಳೋ ಕಾರ್ಖಾನಿಯೊಳಗ ಉಸ್ತಾದರ ಕೈ, ಉಳಿ, ತಂತಿ ಫ್ಲ್ಯಾಶ್ ಹಾಕಿ ತೆಗೀಬೇಕಂದ್ರ ಈ ಫರಕು ಭಾಳ ದೊಡ್ಡದು.

ಡೆಮೊದಾಗ ಹ್ಯಾಸಲ್‌ಬ್ಲಾಡ್ ಎಕ್ಸ್ ಬಾಡಿ ಕೈಯಾಗ ಹಿಡದು ನೋಡಿದೆ, ಬಾಡಿ ಬಗ್ಗಿ ನನಗ ಇವತ್ತಿಗೂ ಒಂದು ತಕರಾರಿಲ್ಲ. ನಾ ಕೇಳಿದ್ದು ಮ್ಯಾಕ್ರೋ, ಅಂದ್ರ ಸಣ್ಣ ಸಾಮಾನು ಭಾಳ ಹತ್ತಿರದಿಂದ ತೆಗಿಯೋ ಲೆನ್ಸ್. ಎಕ್ಸ್‌ಸಿಡಿ 120 ಮ್ಯಾಕ್ರೋ ಅರ್ಧ ಸೈಜ್, ಅಂದ್ರ 1:2 ತನಕ ಅಷ್ಟೇ ಹೋಗ್ತದ, ನನಗ ಬೇಕಾಗಿದ್ದು 1:1, ಅಂದ್ರ ಸಾಮಾನು ಇದ್ದಷ್ಟೇ ಸೈಜಿನ್ಯಾಗ ಸೆನ್ಸರ್ ಮ್ಯಾಲ ಬೀಳೋದು. ಆಗ ಅವ ಹೇಳ್ದ, "ಸರ್, ಫ್ಯೂಜಿ ಹ್ಯಾಸಲ್‌ಬ್ಲಾಡ್ ಪಾರ್ಟ್ನರ್ಸ್ ಇದ್ದಾರೆ, ಎಚ್‌ಸಿ 120 ಮ್ಯಾಕ್ರೋ ನನ್ನ ಹತ್ರ ಇದೆ, ಅಡಾಪ್ಟರ್ ಹಾಕಿ, ಹೊಸ ಬಾಡಿಗೆ ಫುಲ್ ಕೆಲಸ ಮಾಡುತ್ತೆ. ಡ್ರೋನ್ ಕಂಪನಿ ಡಿಜೆಐ ಹ್ಯಾಸಲ್‌ಬ್ಲಾಡ್ ಓನರ್, ಡ್ರೋನ್ ಸರ್ವೀಸ್ ಎಲ್ಲಿದ್ರೂ ಅಲ್ಲಿ ಇದಕ್ಕೂ ಸರ್ವೀಸ್. ಫೋಟೊ ಎಡಿಟ್ ಸಾಫ್ಟ್‌ವೇರ್ ಕ್ಯಾಪ್ಚರ್ ಒನ್ ಕೂಡ ಪಾರ್ಟ್ನರ್, ಅದರ ಒಂದು ವರ್ಷದ ಪ್ಲಾನ್ ನಾನೇ ಹಾಕಿ ಕೊಡ್ತೀನಿ." ನಾ ಅಲ್ಲೇ ಅಂದೆ, ಸರ್ ಈ ಮಾತೆಲ್ಲಾ ಬರದು ಕೊಡ್ರಿ ಅಂತ. ವಾಟ್ಸಪ್‌ನ್ಯಾಗ ಬರದು ಕಳಿಸಿದ. ಆ ಮೆಸೇಜೇ ಇವತ್ತು ನನ್ನ ಕೈಯಾಗಿರೋ ದೊಡ್ಡ ಆಧಾರ, ಅದಕ್ಕ ಎಲ್ಲಾರಿಗೂ ಹೇಳ್ತೀನಿ, ಫೋನಿನ್ಯಾಗ ಹೇಳಿದ್ದು ಮೆಸೇಜಿನ್ಯಾಗೂ ಬರಸ್ಕೋರಿ.

ಈಗ ನೋಡ್ರಿ, ಇವನ ಒಂದೊಂದು ಮಾತಿನ್ಯಾಗೂ ಸ್ವಲ್ಪ ಖರೆ ಬೆರತದ, ಅದಕ್ಕೇ ಮಂದಿ ನಂಬ್ತಾರ. ಫ್ಯೂಜಿ ಹ್ಯಾಸಲ್‌ಬ್ಲಾಡ್ ಕೂಡಿ ಕೆಲಸ ಮಾಡಿದ್ದು ಖರೆ, ಆದ್ರ ಅದು 2002ರಾಗ ಬಂದ ಎಚ್1 ಕ್ಯಾಮೆರಾದ್ದು, ಅದರ ಎಚ್‌ಸಿ ಲೆನ್ಸ್ ಫ್ಯೂಜಿ ಮಾಡಿ ಕೊಡ್ತಿತ್ತು. 2016ರಾಗ ಎಕ್ಸ್1ಡಿ ಬಂತಲ್ಲ ಅದು ಬ್ಯಾರೆ ಮೌಂಟ್ (ಲೆನ್ಸ್ ಕೂಡೋ ಬಾಯಿ), ಬ್ಯಾರೆ ಲೆನ್ಸ್. ಅದೇ ವರ್ಷ ಫ್ಯೂಜಿ ತನ್ನ ಜಿಎಫ್‌ಎಕ್ಸ್ ತೋರಿಸ್ತು, ಅದೂ ಬ್ಯಾರೆ ಮೌಂಟ್. ಸೆನ್ಸರ್ ಸೈಜ್ ಎರಡರದ್ದೂ ಒಂದೇ, ಎರಡಕ್ಕೂ ಸೋನಿ ಸೆನ್ಸರೇ, ಅದಕ್ಕ ನೋಡೋರಿಗೆ ಎರಡೂ ಒಂದೇ ಮನಿಯವು ಅನಿಸ್ತದ, ಆದ್ರ ಈ ಎರಡು ಸಿಸ್ಟಮ್ ಬಜಾರದಾಗ ಎದುರಾಳಿಗಳು. ಫ್ಯೂಜಿಯ ಜಿಎಫ್ ಲೆನ್ಸ್ ಹ್ಯಾಸಲ್‌ಬ್ಲಾಡ್ ಎಕ್ಸ್ ಬಾಡಿಗೆ ಕೂಡಂಗಿಲ್ಲ.

ಎಚ್‌ಸಿ ಲೆನ್ಸ್ ಎಕ್ಸ್‌ಎಚ್ ಅಡಾಪ್ಟರ್ ಹಾಕಿದ್ರ ಎಕ್ಸ್ ಬಾಡಿಗೆ ನಡೀತದ, ಅದೂ ಖರೆ. ಆದ್ರ ಲೆನ್ಸಿನೊಳಗ ಕುಂತಿರೋ ಸಾಫ್ಟ್‌ವೇರ್, ಅಂದ್ರ ಫರ್ಮ್‌ವೇರ್ 18.0.0 ಅಥವಾ ಅದರ ಮುಂದಿಂದು ಇರಬೇಕು. ಇದನ್ನ ಅವ ಬಾಯಿ ಬಿಡಲಿಲ್ಲ. ನನಗ ಕೊಟ್ಟ ಲೆನ್ಸ್ ಹಳೇ ಸ್ಟಾಕ್, ಫರ್ಮ್‌ವೇರ್ ಅದಕ್ಕಿಂತ ಹಿಂದಿಂದು. ಇಲ್ಲಿ ಒಂದು ವಿಷಯ ತಲಿಯಾಗ ಇಟ್ಕೋರಿ, ಎಕ್ಸ್ ಬಾಡಿಯೊಳಗ ಪರದೆ ಶಟರೇ ಇಲ್ಲ. ಲೆನ್ಸ್ ಬಾಡಿ ಜೊತಿ ಮಾತಾಡಲಿಲ್ಲ ಅಂದ್ರ ಲೆನ್ಸಿನ ಶಟರ್ ಓಡಂಗಿಲ್ಲ, ಅಪರ್ಚರೂ ಮುಚ್ಚಂಗಿಲ್ಲ, ಉಳಿಯೋದು ಎಲೆಕ್ಟ್ರಾನಿಕ್ ಶಟರ್ ಒಂದೇ, ಅದಕ್ಕ ಫ್ಲ್ಯಾಶ್ ಬರಂಗಿಲ್ಲ. ನಾ ಯಾವ ಕಾರಣಕ್ಕ ಈ ಸಿಸ್ಟಮ್ ತೊಗೊಂಡೆನೋ ಆ ಕಾರಣನೇ ಹೋಯ್ತು. ಬಿದ್ರಿ ಸಾಮಾನು ಟೇಬಲ್ ಮ್ಯಾಲ, ಲೈಟ್ ಸೆಟ್ ಆಗ್ಯಾವ, ಆರ್ಡರ್ ಕೊಟ್ಟವರು ಎದುರಿಗೆ ಕುಂತಾರ, ಅಡಾಪ್ಟರ್ ಹಾಕಿದ್ರ ಬಾಡಿ ಲೆನ್ಸನ್ನ ಗುರ್ತೇ ಹಿಡೀವಲ್ದು. ಅಪ್ಡೇಟ್ ಮಾಡ್ಬೇಕಂದ್ರ ಎಚ್ ಸಿಸ್ಟಮಿನ ಬಾಡಿ ಬೇಕು ಇಲ್ಲಾ ಸರ್ವೀಸಿಗೆ ಕಳಿಸ್ಬೇಕು. ಬೀದರಿನ್ಯಾಗ ಎಚ್ ಬಾಡಿ ಯಾರ ಹತ್ರ ಹುಡುಕ್ಲಿ?

ಡೀಲರಿಗೆ ಫೋನ್ ಮಾಡಿದ್ರ "ಡ್ರೋನ್ ಸರ್ವೀಸ್ ಸೆಂಟರಿಗೆ ತೊಗೊಂಡು ಹೋಗಿ ಸರ್" ಅಂದ. ಹೋದೆ. ಅಲ್ಲಿಯವರು ಪಾಪ ಛಂದಾಗೇ ಮಾತಾಡಿದ್ರು, ನಾವು ಡ್ರೋನ್ ಅಷ್ಟೇ ನೋಡ್ತೀವಿ, ಈ ಕ್ಯಾಮೆರಾ ಬಿಚ್ಚೋ ಟೂಲೇ ನಮ್ಮ ಹತ್ರ ಇಲ್ಲ ಅಂದ್ರು. ಡಿಜೆಐ 2015ರಾಗ ಹ್ಯಾಸಲ್‌ಬ್ಲಾಡ್‌ನ್ಯಾಗ ಸಣ್ಣ ಪಾಲು ತೊಗೊಂಡಿತ್ತು, 2017ರ ಶುರುವಿಗೆ ದೊಡ್ಡ ಪಾಲು ತೊಗೊಂಡದ ಅಂತ ಸುದ್ದಿ ಬಂತು, 2018ರ ಮಾವಿಕ್ 2 ಪ್ರೊ ಡ್ರೋನ್ ಕ್ಯಾಮೆರಾ ಮ್ಯಾಲ ಹ್ಯಾಸಲ್‌ಬ್ಲಾಡ್ ಹೆಸರೇ ಅದ. ಮಾಲಕತ್ವ ಖರೆ. ಆದ್ರ ಮಾಲಕ ಒಬ್ಬ ಇದ್ದ ಮಾತ್ರಕ್ಕ ಹೈದರಾಬಾದಿನ ಡ್ರೋನ್ ಅಂಗಡಿ ನಮ್ಮ ಕ್ಯಾಮೆರಾ ರಿಪೇರಿ ಮಾಡಂಗಿಲ್ಲ. ಇದೇ ಡೀಲರ್ ಕಲಬುರಗಿ ಹುಡುಗ ಒಬ್ಬಗ "ಒನ್‌ಪ್ಲಸ್ ಜೊತಿನೂ ಪಾರ್ಟ್ನರ್ಶಿಪ್ ಅದ, ಅದಕ್ಕ ಸರ್ವೀಸ್ ಚಿಂತಿ ಬ್ಯಾಡ" ಅಂತ ಹೇಳ್ಯಾನಂತ. ಆ ಒಪ್ಪಂದ 2021ರಾಗ ಒನ್‌ಪ್ಲಸ್ 9 ಫೋನ್ ಹೊತ್ತಿಗೆ ಆಗಿದ್ದು, ಫೋನಿನ ಕ್ಯಾಮೆರಾ ಬಣ್ಣದ ಕೆಲಸಕ್ಕ ಆಗಿದ್ದು, ಮೀಡಿಯಂ ಫಾರ್ಮ್ಯಾಟ್ ಬಾಡಿ ಸರ್ವೀಸಿಗೂ ಅದಕ್ಕೂ ಏನೂ ಸಂಬಂಧಿಲ್ಲ.

ಸಾಫ್ಟ್‌ವೇರ್ ಕಥಿ ಸಣ್ಣದು. ಕ್ಯಾಪ್ಚರ್ ಒನ್ ಹುಟ್ಟಿದ್ದೇ ಫೇಸ್ ಒನ್ ಕಂಪನಿಯೊಳಗ, ಅದು ಮೀಡಿಯಂ ಫಾರ್ಮ್ಯಾಟ್‌ನ್ಯಾಗ ಹ್ಯಾಸಲ್‌ಬ್ಲಾಡ್‌ನ ಹಳೇ ಪೈಪೋಟಿದಾರ. ಫ್ಯೂಜಿ ಜಿಎಫ್‌ಎಕ್ಸ್ ಫೈಲಿಗೂ ಅದರಾಗ ಸಪೋರ್ಟ್ ಬಂದಿದ್ದು 2018ರಾಗ, ಎರಡೂ ಕಂಪನಿ ಕೂಡಿ ಬಹಿರಂಗ ಹೇಳಿದ ಮ್ಯಾಲ. ಖರೆ ಪಾರ್ಟ್ನರ್ಶಿಪ್ ಅಂದ್ರ ಹಂಗ ಇರ್ತದ, ಯಾವ ಮಾಡೆಲ್, ಯಾವ ವರ್ಷನ್ ಅಂತ ಬರದಿರ್ತದ. ನಾ ತೊಗೊಂಡಾಗ ನನ್ನ ಬಾಡಿಯ ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಕ್ಯಾಪ್ಚರ್ ಒನ್‌ನ್ಯಾಗ ತೆರಕೊಳ್ಳಲಿಲ್ಲ, ವರ್ಷದ ಪ್ಲಾನಿನ ರೊಕ್ಕ ನೀರಾಗ ಹೋಯ್ತು. ಹ್ಯಾಸಲ್‌ಬ್ಲಾಡ್ ತನ್ನದೇ ಫೋಕಸ್ (Phocus) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಕೊಡ್ತದ, ಅದರಾಗೇ ಕೆಲಸ ಆಗ್ತದ. ಇದನ್ನ ಡೀಲರ್ ಹೇಳಿದ್ರ ಅವನ ಕಮಿಷನ್ ಹೋಗ್ತಿತ್ತು.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಡಬ್ಬಿ ವಿಷಯದಾಗ. ಹೊರಗಿಂದ ತರಿಸಿದ ಪ್ಯಾಕ್ ಮಾಲಿನ ಮ್ಯಾಲ ಇಂಪೋರ್ಟರ್ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅದನ್ನೇ ಹೇಳ್ತದ. ನನ್ನ ಡಬ್ಬಿ ಮ್ಯಾಲ ಆ ಚೀಟಿನೇ ಇರಲಿಲ್ಲ, "ಅದು ಆಮ್ಯಾಲ ಹಚ್ಚಿ ಕೊಡ್ತೀವಿ" ಅಂದಿದ್ದ. ಬಿಲ್ಲಿನ್ಯಾಗ ಬಾಡಿ ಸೀರಿಯಲ್ ನಂಬರೂ ಹಾಕಿಲ್ಲ, ಬರೇ "ಕ್ಯಾಮೆರಾ ಸೆಟ್" ಅಂತ ಒಂದು ಸಾಲು. ಲೆನ್ಸ್ ಸರ್ವೀಸಿಗೆ ಕಳಿಸೋ ಹೊತ್ತಿಗೆ ವಾರಂಟಿ ಬಿಲ್ ಕೇಳಿದ್ರು, ಈ ಬಿಲ್ ನಡೀಲಿಲ್ಲ, ಕೇಳೋದು ಅವರ ಹಕ್ಕು. ಅಷ್ಟರಾಗ ಕ್ಯಾಟಲಾಗ್ ಆರ್ಡರ್ ಬ್ಯಾರೆಯವರಿಗೆ ಹೋಯ್ತು. ಉಸ್ತಾದರು ನನ್ನ ನಂಬಿ ತಿಂಗಳಾನುಗಟ್ಲೆ ಮಾಡಿದ ಸಾಮಾನು ನನ್ನ ಸ್ಟುಡಿಯೊದಾಗ ಇಟ್ಟಿದ್ರು, "ಬಿಡಪಾ, ಸಾಮಾನೇನು ಹೊಲಸಾಗಂಗಿಲ್ಲ" ಅಂದ್ರು, ಆದ್ರ ಅವರ ಆ ಸೀಸನ್ನಿನ ವ್ಯಾಪಾರ ಹೋಗಿದ್ದು ಹೋಯ್ತೇ. ನನ್ನ ಲೋನಿನ ಕಂತಿಗಿಂತ ಅದೇ ನನಗ ಜಾಸ್ತಿ ಕಾಡ್ತದ.

ಯಾರಿಗೆ ಹಿಂಗ ಆಗ್ಯದೋ ಅವರು ಕೇಳ್ರಿ. ಡೀಲರ್ ನನಗ ಹೆದರಿಸಿದ್ದ, "ಬಿಸಿನೆಸ್‌ಗೆ ತೊಗೊಂಡೀರಿ, ನೀವು ಗ್ರಾಹಕರೇ ಅಲ್ಲ, ಕೇಸ್ ಹಾಕ್ಬೇಕಂದ್ರ ಹೈದರಾಬಾದಿಗೆ ಬನ್ನಿ" ಅಂತ. ಎರಡೂ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗ ಸ್ವಂತ ದುಡಿಮಿಯಿಂದ ಹೊಟ್ಟಿ ತುಂಬಿಸ್ಕೊಳ್ಳಿಕ್ಕೇ ತೊಗೊಂಡ ಸಾಮಾನನ್ನ ವ್ಯಾಪಾರದ ಉದ್ದೇಶ ಅಂತ ಹಿಡಿಯಂಗಿಲ್ಲ, ಒಬ್ಬನೇ ಸ್ಟುಡಿಯೊ ನಡಸೋ ನಮ್ಮಂಥವರಿಗೆ ಅದು ದೊಡ್ಡ ಆಸರ. ಮತ್ತ ನೀವು ಇರೋ ಊರು, ಕೆಲಸ ಮಾಡೋ ಊರಿನ ಜಿಲ್ಲಾ ಆಯೋಗದಾಗೇ ದೂರು ಹಾಕಬಹುದು, ಕೊಟ್ಟ ರೊಕ್ಕ 50 ಲಕ್ಷದ ತನಕ ಇದ್ರ ಜಿಲ್ಲಾ ಆಯೋಗನೇ ನೋಡ್ತದ. ಎರಡು ವರ್ಷದೊಳಗ ಹಾಕ್ಬೇಕು. ಮೊದಲ 1915ಕ್ಕ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತೊಗೋರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನೂ ಅಲ್ಲಿಂದಲೇ ಶುರು ಮಾಡಿ ಈಗ ಬೀದರ್ ಆಯೋಗದಾಗ ದೂರು ಹಾಕೀನಿ, ವಾಟ್ಸಪ್ ಮೆಸೇಜ್, ಬಿಲ್, ಡಬ್ಬಿ ನಾಕೂ ಕಡೆಯ ಫೋಟೊ ಎಲ್ಲಾ ಕೊಟ್ಟೀನಿ.

ತೊಗೊಳ್ಳೋರು ತೊಗೋರಿ, ಈ ಕ್ಯಾಮೆರಾಗಳು ಛಲೋ ಅವ, ನಮ್ಮ ಬಿದ್ರಿಗೆ, ಬೀದರ್ ಹತ್ತಿರದ ಅಷ್ಟೂರು ಬಹಮನಿ ಗುಂಬಜಿನ ಒಳಗಿನ ಚಿತ್ರಕ್ಕ ಇಂಥಾ ಫೈಲೇ ಬೇಕು. ಆದ್ರ ಕಂಪನಿ ವೆಬ್‌ಸೈಟಿನ್ಯಾಗ ಅಧಿಕೃತ ಡೀಲರ್ ಪಟ್ಟಿ ನೋಡಿ, ನಿಮ್ಮದೇ ಬಾಡಿ ಮ್ಯಾಲ ನಿಮ್ಮದೇ ಲೆನ್ಸ್ ಹಾಕಿ, ಫ್ಲ್ಯಾಶ್ ಹೊಡದು ನೋಡಿ, ಲೆನ್ಸ್ ಫರ್ಮ್‌ವೇರ್ ನಂಬರ್ ಬಾಡಿ ಮೆನುವಿನ್ಯಾಗ ಕಾಣೋ ತನಕ ರೊಕ್ಕ ಬಿಡಬ್ಯಾಡ್ರಿ. ಬಿಲ್ಲಿನ್ಯಾಗ ಬಾಡಿದು ಲೆನ್ಸಿಂದು ಬ್ಯಾರೆ ಬ್ಯಾರೆ ಸೀರಿಯಲ್ ನಂಬರ್ ಬರಸ್ಕೋರಿ.

ಈ ಡೀಲರ್ ಈಗ ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಸ್ಟುಡಿಯೊದವರಿಗೆ ಫೋನ್ ಮಾಡ್ಲಾಕತ್ತಾನಂತ ಗೆಳ್ಯಾರು ಹೇಳಿದ್ರು, ಅಡ್ವಾನ್ಸ್ ಕೇಳ್ತಾನಂತ. ಯಾರಾದ್ರೂ ಆಗಲೇ ಕೊಟ್ಟಿದ್ರ ಬಿಲ್ ಮತ್ತ ಡಬ್ಬಿ ಫೋಟೊ ನನಗ ಮೆಸೇಜ್ ಮಾಡ್ರಿ, ಕೂತು ನೋಡಿ ದೂರಿನ ಡ್ರಾಫ್ಟ್ ಬರೀಲಿಕ್ಕೂ ಕೈ ಹಚ್ತೀನಿ.