ಸದ್ದಿಲ್ಲದ ಡಿಸ್ಕ್: ಹಳೆಯ ಪೆಂಟಿಯಂಗೆ ಹಾಕಿದ ಕಾಂಪ್ಯಾಕ್ಟ್ ಫ್ಲ್ಯಾಶ್ ಅಡಾಪ್ಟರ್

ಅಪ್ಪನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೊನೆಯ ಎರಡು ವಾರ ಕಿರುಚುತ್ತಲೇ ಇತ್ತು. ಸ್ವಿಚ್ ಒತ್ತಿದ ಕೂಡಲೇ ಬೇರಿಂಗ್ ಸವೆದ ಫ್ಯಾನಿನಂಥ ಸದ್ದು, ನಡುನಡುವೆ ಒಳಗಿನಿಂದ ಯಾರೋ ಉಗುರಿನಿಂದ ತಟ್ಟಿದಂತೆ ಟಿಕ್ ಟಿಕ್. 133 ಮೆಗಾಹರ್ಟ್ಸ್ ಪೆಂಟಿಯಂ, 32 ಎಂಬಿ ಮೆಮೊರಿ, 1.2 ಜಿಬಿ ಡಿಸ್ಕ್; ಅದರೊಳಗೆ ಎಂಎಸ್-ಡಾಸ್ 6.22 ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ, ವಿಂಡೋಸ್ 3.11 ಮತ್ತು ಅಪ್ಪ ಹತ್ತು ವರ್ಷ ಬರೆದ ಪತ್ರಗಳು, ಲೆಕ್ಕದ ಹಾಳೆಗಳು. ಆ ಫೈಲುಗಳನ್ನು ಹೊಸ ಕಂಪ್ಯೂಟರಿಗೆ ಎತ್ತಿಟ್ಟು ಸುಮ್ಮನಾಗಬಹುದಿತ್ತು. ಆದರೆ ನನಗೆ ಬೇಕಾಗಿದ್ದದ್ದು ಆ ಯಂತ್ರವೇ ಮತ್ತೆ ಏಳುವುದು, ಅದೇ ಪರದೆಯಲ್ಲಿ ಅದೇ ಪತ್ರ ತೆರೆಯುವುದು. ಅದಕ್ಕೆಂದೇ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡನ್ನು ಐಡಿಇ (ಹಳೆಯ ಕಂಪ್ಯೂಟರುಗಳಲ್ಲಿ ಡಿಸ್ಕ್ ಜೋಡಿಸುವ ಪದ್ಧತಿ) ಡಿಸ್ಕಿನ ಜಾಗದಲ್ಲಿ ಕೂರಿಸುವ ಅಡಾಪ್ಟರ್ ತರಿಸಿದೆ. ಮೂರು ತಿಂಗಳು ದಿನವೂ ಬಳಸಿದ ಮೇಲೆ ಈಗ ಅದರ ಬಗ್ಗೆ ಬರೆಯುತ್ತಿದ್ದೇನೆ.

ವಸ್ತು ತೀರಾ ಸರಳ. ಅಂಗೈಗಿಂತ ಚಿಕ್ಕದಾದ ಹಸಿರು ಹಲಗೆ. ಒಂದು ಕಡೆ 40 ಪಿನ್‌ಗಳ ಐಡಿಇ ಕನೆಕ್ಟರ್, ಇನ್ನೊಂದು ಕಡೆ 50 ಪಿನ್‌ಗಳ ಕಾರ್ಡ್ ಸಾಕೆಟ್, ಮೂಲೆಯಲ್ಲಿ ಫ್ಲಾಪಿ ಡ್ರೈವಿಗೆ ಹಾಕುವಂಥ ಪುಟ್ಟ ವಿದ್ಯುತ್ ಕನೆಕ್ಟರ್, ಮಾಸ್ಟರ್ ಅಥವಾ ಸ್ಲೇವ್ ಆರಿಸಲು ಒಂದು ಜಂಪರ್. ಭಾಷಾಂತರ ಮಾಡುವ ಚಿಪ್ ಯಾವುದೂ ಇಲ್ಲ, ಬೇಕಾಗಿಯೂ ಇಲ್ಲ. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ; ಒಂದು ಪಿನ್ನನ್ನು ಗ್ರೌಂಡಿಗೆ ಸೇರಿಸಿದರೆ ಸಾಕು, ಅದು ತನ್ನನ್ನು ಹಾರ್ಡ್ ಡಿಸ್ಕ್ ಎಂದೇ ಪರಿಚಯಿಸಿಕೊಳ್ಳುತ್ತದೆ. ಎಸ್‌ಡಿ ಕಾರ್ಡಿನ ಅಡಾಪ್ಟರುಗಳಲ್ಲಿ ನಡುವೆ ಒಂದು ಪರಿವರ್ತಕ ಚಿಪ್ ಕೂರಲೇಬೇಕು. ಹಳೆಯ ಯಂತ್ರದಲ್ಲಿ ನಡುವಿನವರು ಕಡಿಮೆಯಾದಷ್ಟೂ ತಲೆನೋವು ಕಡಿಮೆ ಎಂದು ನಾನು ಇದನ್ನೇ ಆರಿಸಿದೆ. ಈ ಹಲಗೆ ಕಂಪ್ಯೂಟರಿನ ಹಿಂಬದಿಯ ಕಾರ್ಡ್ ಕಿಂಡಿಗೆ ಸ್ಕ್ರೂ ಹಾಕಿ ಕೂರಿಸುವ ಬಗೆಯದು. ಆದ್ದರಿಂದ ಪೆಟ್ಟಿಗೆ ಬಿಚ್ಚದೆಯೇ ಹಿಂದಿನಿಂದ ಕಾರ್ಡ್ ಬದಲಿಸಬಹುದು. ಯಂತ್ರದ ಸ್ವಿಚ್ ಆಫ್ ಮಾಡಿದ ಮೇಲೆ ಮಾತ್ರ. ಚಾಲೂ ಇರುವಾಗ ಐಡಿಇ ಸಾಧನವನ್ನು ಕೀಳಬಾರದು.

ಜೋಡಿಸುವಾಗ ನೋಡಬೇಕಾದದ್ದು ಒಂದೇ. ಕೇಬಲಿನ ಕೆಂಪು ಅಂಚು 1ನೆಯ ಪಿನ್ನಿನ ಕಡೆಗಿರಬೇಕು. ನನಗೆ ಬಂದ ಹಲಗೆಯ ಮೇಲೆ ಆ ಗುರುತು ಅರ್ಧ ಅಳಿಸಿತ್ತು, ಸೂಚನೆಯ ಚೀಟಿಯೂ ಇರಲಿಲ್ಲ. ಕನೆಕ್ಟರಿನ ಮಧ್ಯದಲ್ಲಿ ಇಲ್ಲದ 20ನೆಯ ಪಿನ್ ನೋಡಿ ದಿಕ್ಕು ಗುರುತಿಸಿಕೊಂಡೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಇಂಥ ಅಡಾಪ್ಟರ್ ಕೊಂಡವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ನಾನೂ ಎಡವಿ ಮೂರು ಸಂಜೆ ಕಳೆದುಕೊಂಡೆ.

ಕಿರುಚುತ್ತಿದ್ದ ಡಿಸ್ಕನ್ನು ಬಿಚ್ಚಿ, ಹೊಸ ಕಂಪ್ಯೂಟರಿಗೆ ಜೋಡಿಸಿ, ಲಿನಕ್ಸಿನ ಡಿಡಿರೆಸ್ಕ್ಯೂನಿಂದ ಅದರ ಪೂರ್ತಿ ಪ್ರತಿ ತೆಗೆದೆ. ಓದಲು ಬಾರದ ಜಾಗಗಳನ್ನು ಮೊದಲು ಬಿಟ್ಟು ಮುಂದೆ ಹೋಗಿ, ಆಮೇಲೆ ಹಿಂತಿರುಗಿ ಮತ್ತೆ ಮತ್ತೆ ಯತ್ನಿಸುವ ಜಾಣತನ ಅದಕ್ಕಿದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಡಿಸ್ಕ್ ಬಿಸಿಯಾದಾಗಲೆಲ್ಲ ನಿಲ್ಲಿಸಿ, ತಣಿದ ಮೇಲೆ ಮುಂದುವರಿಸಿದೆ. ಕೊನೆಗೆ ಒಂದು ಸೆಕ್ಟರೂ (ಡಿಸ್ಕಿನ ಅತಿ ಸಣ್ಣ ತುಣುಕು) ಉಳಿಯದೆ ಎಲ್ಲವೂ ಬಂತು. ಹೋದ ಜೀವ ಬಂದಂತಾಯಿತು. ಆ ಪ್ರತಿಯನ್ನು ಹಾಗೆಯೇ 4 ಜಿಬಿ ಕಾರ್ಡಿನ ಮೇಲೆ ಬರೆದು, ಅಡಾಪ್ಟರಿಗೆ ಹಾಕಿ, ಸ್ವಿಚ್ ಒತ್ತಿದೆ.

ಸ್ವಿಚ್ ಒತ್ತಿದೊಡನೆ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶವಾದ ಬಯೋಸ್, ಕಾರ್ಡನ್ನು ಗುರುತಿಸಿತು. ಡಾಸ್ ಆರಂಭವಾಗುತ್ತಿದೆ ಎಂಬ ಪರಿಚಿತ ಸಾಲು ಪರದೆಯ ಮೇಲೆ ಬಂತು. ಅಲ್ಲಿಗೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅದೇ ಸಾಲು, ಮತ್ತೆ ಅಲ್ಲಿಯೇ. ಏನೂ ಬಾರದಿದ್ದರೆ ಕೇಬಲನ್ನೋ ಕಾರ್ಡನ್ನೋ ಸಂಶಯಿಸಬಹುದಿತ್ತು. ಅರ್ಧ ದಾರಿ ಬಂದು ನಿಲ್ಲುವುದೇ ನನ್ನನ್ನು ದಿಕ್ಕು ತಪ್ಪಿಸಿತು. ಕಾರ್ಡ್ ಬದಲಿಸಿದೆ, ಕೇಬಲ್ ಬದಲಿಸಿದೆ, ಪ್ರತಿಯನ್ನು ಮತ್ತೊಮ್ಮೆ ಬರೆದೆ.

ಕಾರಣ ಹೇಳಿಕೊಟ್ಟದ್ದು ಫ್ರೀಡಾಸ್. ಡಾಸ್‌ಗೆ ಬದಲಿಯಾಗಿ ಜಿಮ್ ಹಾಲ್ 1994ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ಇಂದಿಗೂ ಜೀವಂತವಾಗಿದೆ. ನಾನು ಬಳಸಿದ್ದು 2022ರಲ್ಲಿ ಬಂದ 1.3ನೆಯ ಆವೃತ್ತಿ. ಅದರ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿದಾಗ ಮೊದಲೇ ಒಂದು ಎಚ್ಚರಿಕೆ ಮೂಡಿತು: ಈ ಪಾರ್ಟಿಶನ್ (ಡಿಸ್ಕಿನ ಪಾಲು) ಸಂಶಯಾಸ್ಪದವಾಗಿದೆ, ಪಾಲುಗಳ ಗಡಿ ಬರೆದಿಟ್ಟ ಕೋಷ್ಟಕದಲ್ಲಿರುವ ಅಂಕಿಗಳನ್ನು ಬಿಟ್ಟು ಲೆಕ್ಕ ಹಾಕಿ ಪಡೆದ ಅಂಕಿಗಳನ್ನು ಬಳಸುತ್ತಿದ್ದೇನೆ ಎಂದು. ಜೊತೆಗೆ ಎರಡೂ ಅಂಕಿಗಳು. ಪಾರ್ಟಿಶನ್ ಕೊನೆಗೊಳ್ಳುವ ಸಿಲಿಂಡರ್ (ಡಿಸ್ಕಿನ ತಟ್ಟೆಗಳ ಮೇಲಿನ ಉಂಗುರ) ಕೋಷ್ಟಕದ ಪ್ರಕಾರ 624, ಫ್ರೀಡಾಸ್ ಲೆಕ್ಕದ ಪ್ರಕಾರ 312. ಸರಿಯಾಗಿ ಅರ್ಧ. ಆ ಅರ್ಧವೇ ಗಂಟನ್ನು ಬಿಚ್ಚಿತು.

ಹಳೆಯ ಬಯೋಸ್‌ಗಳು ಡಿಸ್ಕನ್ನು ಸಿಲಿಂಡರ್, ಹೆಡ್ (ಓದುವ ತಲೆ), ಸೆಕ್ಟರ್ ಎಂಬ ಮೂರು ಅಂಕಿಗಳಿಂದ ಅಳೆಯುತ್ತವೆ. ಸಿಲಿಂಡರಿನ ಸಂಖ್ಯೆ 1024 ದಾಟುವಂತಿಲ್ಲ. ಐಡಿಇ ಡಿಸ್ಕಿಗೆ 16 ಹೆಡ್‌ಗಳು, 63 ಸೆಕ್ಟರ್‌ಗಳು ಎಂದರೆ 504 ಎಂಬಿಗೇ ದಾರಿ ಮುಗಿಯುತ್ತದೆ. ಅದನ್ನು ದಾಟಲು ಎಲ್‌ಬಿಎ (ಸೆಕ್ಟರುಗಳನ್ನು ಸಾಲಾಗಿ ಎಣಿಸುವ) ವಿಧಾನದಲ್ಲಿ ಬಯೋಸ್ ಸಿಲಿಂಡರುಗಳನ್ನು ಇಳಿಸಿ ಹೆಡ್‌ಗಳನ್ನು ಏರಿಸಿ ತೋರಿಸುತ್ತದೆ. ಎಷ್ಟು ಏರಿಸಬೇಕು ಎಂಬುದು ಡಿಸ್ಕಿನ ಒಟ್ಟು ಗಾತ್ರದ ಮೇಲೆ ನಿಂತಿದೆ. 1.2 ಜಿಬಿ ಡಿಸ್ಕನ್ನು ಈ ಬಯೋಸ್ 64 ಹೆಡ್‌ಗಳ ಡಿಸ್ಕ್ ಎಂದು ತೋರಿಸುತ್ತಿತ್ತು. 4 ಜಿಬಿ ಕಾರ್ಡನ್ನು ಅದೇ ಬಯೋಸ್ 128 ಹೆಡ್‌ಗಳ ಡಿಸ್ಕ್ ಎನ್ನುತ್ತದೆ. ಪ್ರತಿಯೊಳಗಿದ್ದ ಪಾರ್ಟಿಶನ್ ಕೋಷ್ಟಕವೂ ಬೂಟ್ ಸೆಕ್ಟರೂ (ಡಾಸ್ ಏಳಲು ಮೊದಲು ಓದುವ ಸೆಕ್ಟರ್) 64 ಎಂದೇ ನಂಬಿಕೊಂಡಿದ್ದವು. ಡಾಸ್ ತನ್ನ ಲೆಕ್ಕದಲ್ಲಿ ವಿಳಾಸ ಕೊಡುತ್ತಿತ್ತು, ಬಯೋಸ್ ತನ್ನ ಲೆಕ್ಕದಲ್ಲಿ ಬೇರೆ ಮನೆಯ ಬಾಗಿಲು ತಟ್ಟುತ್ತಿತ್ತು.

ಹಾಗಿದ್ದರೆ ಮೊದಲ ಸಾಲಾದರೂ ಹೇಗೆ ಬಂತು? ಇದನ್ನು ಕಾಗದದ ಮೇಲೆ ಬರೆದು ನೋಡಿದಾಗ ಆದ ಸಂತೋಷ ಇನ್ನೂ ಹಸಿಯಾಗಿದೆ. 64ನ್ನು 63ರಿಂದ ಗುಣಿಸಿದರೆ 4,032. ಅಂದರೆ ಮೊದಲ 4,032 ಸೆಕ್ಟರ್‌ಗಳು, ಸುಮಾರು 2 ಎಂಬಿ, ಎರಡೂ ಲೆಕ್ಕದಲ್ಲಿ ಸೊನ್ನೆಯ ಸಿಲಿಂಡರಿನಲ್ಲಿಯೇ ಇರುತ್ತವೆ. ಅಲ್ಲಿಯವರೆಗೆ ಇಬ್ಬರ ವಿಳಾಸವೂ ಒಂದೇ. ಬೂಟ್ ಸೆಕ್ಟರ್, ಯಾವ ಫೈಲು ಎಲ್ಲಿದೆ ಎಂದು ಹೇಳುವ ಫ್ಯಾಟ್ ಕೋಷ್ಟಕಗಳು, ಡಾಸ್‌ನ ಮೊದಲ ಫೈಲು ಎಲ್ಲವೂ ಆ 2 ಎಂಬಿಯೊಳಗಿವೆ. ಅದನ್ನು ದಾಟಿ ಮುಂದಿನ ಫೈಲಿಗೆ ಕೈ ಹಾಕಿದ ಕ್ಷಣವೇ ಡಾಸ್ ದಾರಿ ತಪ್ಪುತ್ತಿತ್ತು.

ಆದ್ದರಿಂದ ಈ ಅಡಾಪ್ಟರ್ ಕೊಳ್ಳುವವರಿಗೆ ನಾನು ಹೇಳುವ ಮಾತು ಇದು: ಕಾರ್ಡ್ ಯಾವ ಯಂತ್ರದಲ್ಲಿ ಓಡಬೇಕೋ ಅದೇ ಯಂತ್ರದಲ್ಲಿ ಪಾರ್ಟಿಶನ್ ಮಾಡಿ. ಹೊಸ ಕಂಪ್ಯೂಟರಿನ ಯುಎಸ್‌ಬಿ ರೀಡರಿನಲ್ಲಿ ಮಾಡಿದರೆ ಆ ತಂತ್ರಾಂಶ 255 ಹೆಡ್‌ಗಳ ಲೆಕ್ಕ ಹಿಡಿಯುತ್ತದೆ, ಮೊದಲ ಪಾರ್ಟಿಶನ್ನನ್ನು 63ನೆಯ ಸೆಕ್ಟರಿನ ಬದಲು 2048ರಿಂದ ಆರಂಭಿಸುತ್ತದೆ. ಹೊಸ ಯಂತ್ರಕ್ಕೆ ಅದು ಸರಿ, ಹಳೆಯದಕ್ಕೆ ಅಲ್ಲ.

ನಾನು ಎರಡನೆಯ ಅಡಾಪ್ಟರ್ ತರಿಸಿ, ಪ್ರತಿ ಇದ್ದ ಕಾರ್ಡನ್ನು ಅದಕ್ಕೆ ಹಾಕಿ, ಹೊಸ ಕಾರ್ಡನ್ನು ಮೊದಲನೆಯದರಲ್ಲಿಟ್ಟೆ. ಬಯೋಸಿನ ಸ್ವಯಂ ಪತ್ತೆ ಪರದೆಯಲ್ಲಿ ಎಲ್‌ಬಿಎ ಸಾಲನ್ನು ಆರಿಸಿದೆ: 968 ಸಿಲಿಂಡರ್, 128 ಹೆಡ್, 63 ಸೆಕ್ಟರ್. ಆ ಮೂರು ಅಂಕಿಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಕಾರ್ಡಿಗೇ ಅಂಟಿಸಿದ್ದೇನೆ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ದಿನ ಬಯೋಸ್ ಎಲ್ಲವನ್ನೂ ಮರೆಯುತ್ತದೆ. ಆಗ ಯಾರಾದರೂ ಎಲ್‌ಬಿಎ ಬದಲು ಬೇರೆ ಸಾಲು ಆರಿಸಿದರೆ ಇದೇ ರಗಳೆ ಮೊದಲಿನಿಂದ.

ಪಾರ್ಟಿಶನ್ ಮಾಡುವ ಡಾಸ್‌ನ ತಂತ್ರಾಂಶವಾದ ಎಫ್‌ಡಿಸ್ಕಿನಲ್ಲಿ ಇಡೀ ಜಾಗವನ್ನು ಒಂದೇ ಪಾರ್ಟಿಶನ್ ಮಾಡುವ ಆಸೆಯನ್ನು ಬಿಡಬೇಕು. ಇಷ್ಟು ದೊಡ್ಡ ಡಿಸ್ಕಿಗೆ ಡಾಸ್ 6.22 ಬಳಸುವುದು ಫ್ಯಾಟ್16 ಎಂಬ ಫೈಲು ವ್ಯವಸ್ಥೆ ಮಾತ್ರ, ಅದರ ಗಡಿ 2 ಜಿಬಿ. ಆ ಗಡಿಯವರೆಗೂ ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ. 1 ಜಿಬಿ ದಾಟಿದರೆ ಪ್ರತಿ ಕ್ಲಸ್ಟರ್ (ಒಂದು ಫೈಲಿಗೆ ಕೊಡುವ ಕನಿಷ್ಠ ಜಾಗ) 32 ಕೆಬಿ. ನಾಲ್ಕು ಸಾಲಿನ ಪತ್ರವೂ ಅಷ್ಟು ಜಾಗ ತಿನ್ನುತ್ತದೆ. 512 ಎಂಬಿಗಿಂತ ಕಡಿಮೆ ಇದ್ದರೆ ಕ್ಲಸ್ಟರ್ 8 ಕೆಬಿಗೆ ಇಳಿಯುತ್ತದೆ. ಅಪ್ಪನ ಪುಟ್ಟ ಫೈಲುಗಳು ಸುಮಾರು 3,200. ಬಹುಪಾಲು ಎಲ್ಲವೂ 8 ಕೆಬಿಯೊಳಗಿನವು. ಹಳೆಯ ಡಿಸ್ಕಿನಲ್ಲಿ ಅವು ಹಿಡಿದಿದ್ದ ಜಾಗ 100 ಎಂಬಿ, ಈಗ 25. ಹಾಗಾಗಿ ಒಂದು ಪ್ರೈಮರಿ ಪಾರ್ಟಿಶನ್ 500 ಎಂಬಿ, ಉಳಿದದ್ದು ಎಕ್ಸ್‌ಟೆಂಡೆಡ್, ಅದರೊಳಗೆ 500 ಎಂಬಿಯ ಎರಡು ಲಾಜಿಕಲ್ ಡ್ರೈವ್‌ಗಳು. ಮಿಕ್ಕ ಜಾಗವನ್ನು ಖಾಲಿ ಬಿಟ್ಟೆ.

ಪ್ರೈಮರಿಯನ್ನು ಆಕ್ಟಿವ್ ಮಾಡಿ, ಫಾರ್ಮ್ಯಾಟ್ ಮಾಡಿ, ಸಿಸ್ಟಂ ಫೈಲುಗಳನ್ನು ಹಾಕಿದ ಮೇಲೂ ಕಾರ್ಡ್ ಬೂಟ್ ಆಗದೆ ಬರೀ ಕರ್ಸರ್ ಮಿನುಗಿದರೆ ಗಾಬರಿಯಾಗಬೇಡಿ. ಕ್ಯಾಮೆರಾಗೆಂದು ತಯಾರಾದ ಕಾರ್ಡಿನ ಮೊದಲ ಸೆಕ್ಟರಿನ ಕೊನೆಗೆ 55 ಎಎ ಎಂಬ ಮುದ್ರೆ ಇರುತ್ತದೆ, ಆದರೆ ಬೂಟ್ ಮಾಡಿಸುವ ಸಂಕೇತ ಇರುವುದಿಲ್ಲ. ಮುದ್ರೆಯನ್ನು ಕಂಡ ಡಾಸ್‌ನ ಎಫ್‌ಡಿಸ್ಕ್ ಎಲ್ಲವೂ ಸರಿಯಿದೆ ಎಂದು ತಿಳಿದು ಸಂಕೇತವನ್ನು ಬರೆಯದೆ ಬಿಡುತ್ತದೆ. ಎಫ್‌ಡಿಸ್ಕನ್ನು ಎಂಬಿಆರ್ ಸೂಚನೆಯೊಂದಿಗೆ (FDISK /MBR) ಒಮ್ಮೆ ಓಡಿಸಿದರೆ ಸಾಕು, ಒಂದು ಕ್ಷಣದ ಕೆಲಸ. ಬೂಟ್ ಮ್ಯಾನೇಜರ್ (ಯಾವ ವ್ಯವಸ್ಥೆ ಏಳಬೇಕೆಂದು ಕೇಳುವ ತಂತ್ರಾಂಶ) ಹಾಕಿಕೊಂಡಿರುವ ಡಿಸ್ಕಿನ ಮೇಲೆ ಮಾತ್ರ ಇದನ್ನು ಓಡಿಸಬೇಡಿ, ಅದು ಅಳಿಸಿಹೋಗುತ್ತದೆ.

ಫೈಲುಗಳ ವರ್ಗಾವಣೆಗೆ ಮತ್ತೆ ಫ್ರೀಡಾಸ್ ನೆರವಿಗೆ ಬಂತು. ಸಂಶಯಾಸ್ಪದ ಎಂದ ಪಾರ್ಟಿಶನ್ನನ್ನೇ ತನ್ನ ಲೆಕ್ಕದಲ್ಲಿ ಸರಿಯಾಗಿ ಓದಿ, ಎಲ್ಲ ಡೈರೆಕ್ಟರಿಗಳನ್ನೂ ಹೊಸ ಕಾರ್ಡಿಗೆ ಇಳಿಸಿತು. ಈ ವಿಮರ್ಶೆಯಲ್ಲಿ ಪೂರ್ಣ ಅಂಕ ಕೊಡುವುದಾದರೆ ಅದಕ್ಕೇ ಕೊಡುತ್ತೇನೆ. ಹಳೆಯ ಡಿಸ್ಕಿನ ಕೆಲಸಕ್ಕೆ ಕೈ ಹಾಕುವವರು ಆ ಒಂದು ಫ್ಲಾಪಿಯನ್ನು ಸಿದ್ಧವಾಗಿಟ್ಟುಕೊಳ್ಳಲೇಬೇಕು.

ಅಡಾಪ್ಟರಿನಲ್ಲಿ ಒಂದು ನಿಜವಾದ ದೋಷವೂ ಇದೆ. ವಿಂಡೋಸ್ 98 ಹಾಕಲು ಇನ್ನೊಂದು ಕಾರ್ಡ್ ಸಿದ್ಧಪಡಿಸಿದೆ. ಫ್ಯಾಟ್32 ಪಾರ್ಟಿಶನ್, ಅನುಸ್ಥಾಪನೆ, ಎಲ್ಲ ಸಲೀಸಾಗಿ ನಡೆಯಿತು. ಡಿವೈಸ್ ಮ್ಯಾನೇಜರಿನಲ್ಲಿ ಡಿಎಂಎ (ಪ್ರೊಸೆಸರಿನ ಮೂಲಕ ಹಾಯದೆ ಡಿಸ್ಕಿನ ಮಾಹಿತಿಯನ್ನು ನೇರ ಮೆಮೊರಿಗೆ ಸಾಗಿಸುವ ವಿಧಾನ) ಚೌಕಕ್ಕೆ ಗುರುತು ಹಾಕಿ ಮತ್ತೆ ಎಬ್ಬಿಸಿದರೆ ಯಂತ್ರ ಏಳಲೇ ಇಲ್ಲ. ಸೇಫ್ ಮೋಡಿಗೆ ಹೋಗಿ ಗುರುತು ತೆಗೆದ ಮೇಲೆ ಸರಿಹೋಯಿತು. ಮಲ್ಟಿಮೀಟರ್ ಹಿಡಿದು ಹಲಗೆಯನ್ನು ಪರೀಕ್ಷಿಸಿದೆ. ಐಡಿಇ ಕನೆಕ್ಟರಿನ 21 ಮತ್ತು 29ನೆಯ ಪಿನ್‌ಗಳು ಡಿಎಂಎಗೆ ಮೀಸಲು. ಅವುಗಳಿಂದ ಕಾರ್ಡ್ ಸಾಕೆಟ್ಟಿನ 43 ಮತ್ತು 44ಕ್ಕೆ ತಾಮ್ರದ ಗೆರೆ ಹೋಗಬೇಕು. ಮೀಟರ್ ಸದ್ದು ಮಾಡಲಿಲ್ಲ, ಗೆರೆಯನ್ನೇ ಎಳೆದಿಲ್ಲ. ಕಾರ್ಡ್ ತನಗೆ ಡಿಎಂಎ ಬರುತ್ತದೆ ಎನ್ನುತ್ತದೆ, ಯಂತ್ರ ನಂಬುತ್ತದೆ, ದಾರಿಯೇ ಇಲ್ಲ. ಎರಡು ಗೆರೆಗಳನ್ನು ಉಳಿಸಿದ್ದರಿಂದ ತಯಾರಕರಿಗೆ ಆದ ಲಾಭ ಏನೋ ನನಗೆ ತಿಳಿಯದು, ಆದರೆ ಬಳಸುವವನ ಒಂದು ಇಡೀ ದಿನ ಹೋಗುತ್ತದೆ. ಎರಡನೆಯ ಅಡಾಪ್ಟರ್ ಬೇರೆ ತಯಾರಿಕೆಯದು, ಅದರಲ್ಲಿ ಗೆರೆಗಳಿವೆ, ಡಿಎಂಎ ನಡೆಯುತ್ತದೆ. ಕೊಳ್ಳುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ. ಬರೀ ಡಾಸ್ ಓಡಿಸುವವರಿಗೆ ಇದರಿಂದ ತೊಂದರೆಯಿಲ್ಲ.

ಕಾರ್ಡಿನ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ಕೆಲವು ಕಾರ್ಡ್‌ಗಳು ತಮ್ಮನ್ನು ತೆಗೆದುಹಾಕಬಹುದಾದ ಡಿಸ್ಕ್ ಎಂದು ಹೇಳಿಕೊಳ್ಳುತ್ತವೆ. ಡಾಸ್ ಅದನ್ನು ಗಮನಿಸುವುದಿಲ್ಲ, ವಿಂಡೋಸ್ ಎಕ್ಸ್‌ಪಿಯಂಥವು ಅಂಥ ಡಿಸ್ಕಿನ ಮೇಲೆ ಒಂದಕ್ಕಿಂತ ಹೆಚ್ಚು ಪಾರ್ಟಿಶನ್ ಮಾಡಲು ಒಪ್ಪುವುದಿಲ್ಲ. 32 ಎಂಬಿ ಮೆಮೊರಿಯಲ್ಲಿ ವಿಂಡೋಸ್ 98 ಸದಾ ಡಿಸ್ಕಿಗೆ ಬರೆಯುತ್ತಲೇ ಇರುತ್ತದೆ. ಅಗ್ಗದ ಕಾರ್ಡಿನಲ್ಲಿ ಆಗ ಮೌಸಿನ ಬಾಣ ತಡೆದು ತಡೆದು ಚಲಿಸುತ್ತಿತ್ತು. ಕೈಗಾರಿಕಾ ಉಪಕರಣಗಳಿಗೆಂದು ಮಾಡಿದ ಕಾರ್ಡ್ ಹಾಕಿದ ಮೇಲೆ ಆ ತಡೆ ಬಹುಮಟ್ಟಿಗೆ ಹೋಯಿತು.

ಈಗ ನನ್ನ ಮೇಜಿನ ಮೇಲೆ ಮೂರು ಕಾರ್ಡ್‌ಗಳಿವೆ: ಡಾಸ್ 6.22, ವಿಂಡೋಸ್ 98, ಫ್ರೀಡಾಸ್. ಒಂದೇ ಡಿಸ್ಕಿನಲ್ಲಿ ಮೂರನ್ನೂ ತುರುಕಿ ಬೂಟ್ ಮ್ಯಾನೇಜರಿಗೆ ಕಾವಲು ಒಪ್ಪಿಸುವ ಅಗತ್ಯವಿಲ್ಲ. ಯಾವುದು ಬೇಕೋ ಅದನ್ನು ಹಿಂದಿನಿಂದ ತಳ್ಳಿ ಸ್ವಿಚ್ ಒತ್ತುತ್ತೇನೆ. ಕಿರುಚಾಟ ನಿಂತ ಮೇಲೆ ಆ ಪೆಟ್ಟಿಗೆಯಿಂದ ಕೇಳುವುದು ಫ್ಯಾನಿನ ಸಣ್ಣ ಗಾಳಿ ಮಾತ್ರ. ಮೊದಲ ರಾತ್ರಿ ಅಪ್ಪನ ಲೆಕ್ಕದ ಹಾಳೆಯೊಂದು ತೆರೆದುಕೊಂಡಾಗ ಅಮ್ಮ ಪಕ್ಕದಲ್ಲಿ ಕುಳಿತಿದ್ದಳು. ಕೊನೆಯ ಸಾಲಿನಲ್ಲಿ ಅವರು ಕೂಡಿಸದೆ ಬಿಟ್ಟಿದ್ದ ಎರಡು ಅಂಕಿಗಳನ್ನು ಅವಳು ಬೆರಳಿಟ್ಟು ತೋರಿಸಿದಳು.