ಬಾಡಿಗೆ ಟ್ರೇಲರ್ ಸರ್ವಿಸ್: ಟ್ರೇಲರ್ ಅವರ್ದು, ಸೈನ್ ನಮ್ದು, 2 ಸ್ಟಾರ್

ಎಂಟು ತಿಂಗಳಿಂದ ಈ ಸರ್ವಿಸ್‌ನೋರ ಟ್ರೇಲರ್ ಎಳೀತಿದೀನಿ. ಹಾರ್ಸ್, ಅಂದ್ರೆ ಟ್ರೇಲರ್ ಎಳೆಯೋ ಮುಂದಿನ ಲಾರಿ, ನಮ್ ಓನರ್ದು, ಟ್ರೇಲರ್ ಇವರ್ದು, ತಪ್ಪು ಮಾತ್ರ ಯಾವಾಗ್ಲೂ ನಂದು. ಎರಡು ಸ್ಟಾರ್ ಯಾಕ್ ಕೊಟ್ಟೆ ಅಂದ್ರೆ ಯಾರ್ಡಲ್ಲಿ ಕಾಯ್ಸಲ್ಲ, ಮಧ್ಯರಾತ್ರಿ ಹೋದ್ರೂ ಗೇಟಲ್ಲಿ ಪೇಪರ್ ರೆಡಿ ಇರತ್ತೆ, ಖಾಲಿದು ಬಿಟ್ಟು ಲೋಡಾಗಿರೋದು ಕಟ್ಕೊಂಡು ಅರ್ಧ ಗಂಟೇಲಿ ರೋಡಿಗೆ ಬರಬಹುದು. ಅಷ್ಟು ಒಪ್ತೀನಿ.

ಆದ್ರೆ ಹತ್ತು ಜನ ಎಳೆಯೋ ಗಾಡಿಗೆ ವಾರಸುದಾರ ಯಾರೂ ಇರಲ್ಲ ನೋಡಿ. ನಿಂತಲ್ಲೇ ನಿಂತು ಬ್ರೇಕ್ ಡ್ರಮ್ ತುಕ್ಕು, ಟೈರ್ ಪಕ್ಕದಲ್ಲಿ ಬಿರುಕು, ಚಕ್ರದ ನಡುವೆ ಆಯಿಲ್ ತಡೆಯೋ ಹಬ್ ಸೀಲ್ ಹೋಗಿ ರಿಮ್ ಒಳಗೆಲ್ಲಾ ಆಯಿಲ್ಲು. ಒಂದ್ಸಲ ಟ್ರೇಲರ್ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡೋ ಸಿಸ್ಟಮ್) ಫಾಲ್ಟ್ ತೋರ್ಸೋ ಲೈಟು ಬರ್ಲೇ ಇಲ್ಲ, ನಾನು ಫಾಲ್ಟ್ ಇಲ್ಲ ಬಿಡು ಅನ್ಕೊಂಡೆ. ಆಮೇಲ್ ಹೊಳೀತು, ಕೀ ಹಾಕಿದ ತಕ್ಷಣ ಅದು ಎರಡು ಸೆಕೆಂಡ್ ಉರಿದು ಆರಬೇಕು ತಾನೆ, ಉರೀಲೇ ಇಲ್ವಲ್ಲ ಅಂತ ಬಿಚ್ಚಿ ನೋಡಿದ್ರೆ ಬಲ್ಬೇ ಕಿತ್ತಾಕಿದಾರೆ. ಫಾಲ್ಟ್ ರಿಪೇರಿ ಮಾಡೋ ಬದ್ಲು ಫಾಲ್ಟ್ ತೋರ್ಸೋದನ್ನ ಕೀಳೋದು, ಏನ್ ತಲೆ ಸ್ವಾಮಿ!

ಗೇಟಲ್ಲಿ ಒಂದು ಫಾರಂ ಕೊಡ್ತಾರೆ, "ಗಾಡಿ ಪೂರ್ತಿ ಚೆಕ್ ಮಾಡಿದೀನಿ, ಸರಿ ಇದೆ" ಅಂತ ಅದರಲ್ಲಿ ಮೊದ್ಲೇ ಪ್ರಿಂಟಾಗಿರತ್ತೆ, ಕೆಳಗೆ ನಮ್ ಸೈನು. ಆಟ ಇರೋದೇ ಇಲ್ಲಿ. ಚೆಕ್ ಮಾಡಲ್ಲ ಅಂತ ಯಾರ್ ಹೇಳಿದ್ರು? ಟೈರ್, ನಟ್ಟು, ಲೈಟು, ಟ್ರೇಲರ್‌ನ ಹಾರ್ಸ್‌ಗೆ ಹಿಡಿಯೋ ಕಿಂಗ್ ಪಿನ್ ಲಾಕ್ ನೋಡ್ತೀನಿ, ಟ್ರೇಲರ್ ಬ್ರೇಕ್ ಹಿಡ್ಸಿ ಮುಂದಕ್ಕೆ ಜಗ್ಗಿ ನೋಡ್ತೀನಿ. ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಬಿಟ್ಟು ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಸಡಿಲ ಸರಿ ಮಾಡೋ ಲಿವರ್) ಕೈಯಲ್ಲಿ ಎಳೀತೀನಿ, ಒಂದಿಂಚಿಗಿಂತ ಜಾಸ್ತಿ ಆಡಿದ್ರೆ ಬ್ರೇಕ್ ಸರಿ ಇಲ್ಲ ಅಂತ. ಯಾವಾಗ್ಲೂ ಗಾಳಿ ತುಂಬಿರೋ ಕೆಂಪು ಪೈಪ್ ಲೀಕ್ ಆದ್ರೆ ನಿಂತಲ್ಲೇ ಗೊತ್ತಾಗತ್ತೆ, ಆದ್ರೆ ಬ್ರೇಕ್ ಹಿಡ್ಸೋ ಸರ್ವಿಸ್ ಪೈಪಿಗೆ ಗಾಳಿ ಬರೋದೇ ಪೆಡಲ್ ತುಳಿದಾಗ. ಒಬ್ನೇ ಮನುಷ್ಯ ಕ್ಯಾಬಿನ್ನಲ್ಲಿ ಪೆಡಲ್ ತುಳ್ಕೊಂಡು ಹಿಂದಿನ ಆಕ್ಸಲ್ ಹತ್ರ ಕಿವಿ ಕೊಡೋದು ಹೆಂಗೆ? ನಾನು ಪೆಡಲ್‌ಗೂ ಸೀಟ್‌ಗೂ ನಡುವೆ ಕೋಲು ಸಿಗಿಸಿ ಓಡ್ತೀನಿ, ಅದು ಬೇರೆ ಕಥೆ. ಡಸ್ಟ್ ಕವರ್ ಹಿಂದಿರೋ ಬ್ರೇಕ್ ಲೈನರ್, ಡ್ರಮ್ ಒಳಗಿನ ಕ್ರ್ಯಾಕ್ ಇವೆಲ್ಲ ನೋಡೋಕೆ ಡ್ರೈವರ್ ಏನ್ ಎಕ್ಸ್‌ರೇ ಮಿಷನ್ನಾ.

ಇನ್ನೊಂದು, ಆಟೋಮ್ಯಾಟಿಕ್ ಅಡ್ಜಸ್ಟರ್ ಇರೋ ಟ್ರೇಲರ್‌ಗೂ ಇವರ ಯಾರ್ಡ್ ಹುಡುಗ್ರು ಪ್ರತಿಸಲ ಸ್ಪ್ಯಾನರ್ ಹಾಕಿ ಟೈಟ್ ಮಾಡಿ ಕಳಿಸ್ತಾರೆ. ಅದು ತಾನಾಗೇ ಟೈಟ್ ಆಗಬೇಕಾದ್ದು, ಆಗ್ತಿಲ್ಲ ಅಂದ್ರೆ ಒಳಗೆ ಇನ್ನೇನೋ ಕೆಟ್ಟಿದೆ ಅಂತ ಅರ್ಥ. ಕೈಯಲ್ಲಿ ತಿರುವಿದ್ರೆ ಗೇಟ್ ದಾಟೋವರೆಗೆ ಚೆನ್ನಾಗಿರತ್ತೆ, ಸ್ವಲ್ಪ ದಿನ ಓಡಿದ್ ಮೇಲೆ ಮತ್ತೆ ಲೂಸು, ಅಷ್ಟೊತ್ತಿಗೆ ಗಾಡಿ ಘಾಟಿ ಇಳೀತಿರತ್ತೆ, ಸ್ಟೇರಿಂಗ್ ಹಿಡಿದಿರೋನು ನಾನು.

ಸ್ಟಾರ್ ಕಮ್ಮಿ ಆಗಿದ್ದಕ್ಕೆ ಮುಖ್ಯ ಕಾರಣ ಟೈರು. ಎಡಗಡೆ ಹಿಂದಿನ ಜೋಡಿ ಟೈರ್ ಎರಡೂ ಬಿರುಕು, ಪಕ್ಕದಲ್ಲಿರೋ ಕೊನೇ ನಾಲ್ಕು ನಂಬರ್ 2716, ಅಂದ್ರೆ 2016ರ 27ನೇ ವಾರ ತಯಾರಾದದ್ದು. ಎರಡಕ್ಕೂ ಬಿಳಿ ಪೇಂಟ್ ಪೆನ್ನಲ್ಲಿ ದೊಡ್ಡ ಗೀಟು ಹಾಕಿ ಯಾರ್ಡ್ ಮ್ಯಾನೇಜರ್‌ಗೆ ತೋರ್ಸ್ದೆ. "ಇದೊಂದ್ ಟ್ರಿಪ್ ಹೋಗ್ಬಾ ಅಣ್ಣ, ಬಂದ್ಮೇಲೆ ಹೊಸದು ಹಾಕ್ಸೋಣ" ಅಂದ. ಲೋಡ್ ಲೇಟಾದ್ರೆ ನಮ್ ಓನರ್ ಬೇರೆ ಬೈತಾನೆ, ಹೊರಟೆ. ನಂದೂ ತಪ್ಪಿದೆ, ಫಾರಂ ಮೇಲೆ ಬರೀಬೇಕಿತ್ತು, ಬರೀ ಬಾಯಲ್ಲಿ ಹೇಳ್ದೆ.

ದಾರೀಲಿ ಹೊರಗಿನ ಟೈರ್ ಸಿಡೀತು, ಮಡ್‌ಫ್ಲ್ಯಾಪ್ ಕಿತ್ತು, ಹಿಂದಿನ ಲೈಟ್ ವೈರ್ ಹರಿದು ಹೋಯ್ತು. ಚೆಕಿಂಗಲ್ಲಿ ಲೈಟ್ ಇಲ್ಲ ಅಂತ ಫೈನ್ ನನ್ ಹೆಸರಿಗೆ. ಯಾರ್ಡಿಗೆ ಬಂದ್ರೆ ಮ್ಯಾನೇಜರ್ "ಎಲ್ಲೋ ಕಲ್ಲಿಗೆ ಹತ್ಸಿದೀಯ" ಅಂತಾನೆ, ಸೈನ್ ಮಾಡಿರೋ ಫಾರಂ ಮುಖಕ್ಕೆ ಹಿಡೀತಾನೆ, ಮಡ್‌ಫ್ಲ್ಯಾಪ್ ಸಮೇತ ಬಿಲ್ ನಮ್ ಓನರ್‌ಗೆ ಹೋಯ್ತು, ಓನರ್ ನನ್ ಸಂಬಳದಲ್ಲಿ ಹಿಡ್ದ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಈಗ ನಾನು ಕತ್ತಲಿದ್ರೂ ಸುತ್ತ ವಿಡಿಯೋ ಮಾಡ್ತೀನಿ, ಟೈರ್ ನಂಬರ್ ಹತ್ತಿರದಿಂದ ತೆಗೀತೀನಿ, ಸೈನ್ ಮೇಲ್ಗಡೆ ಖಾಲಿ ಜಾಗದಲ್ಲಿ ಏನೇನ್ ಕೆಟ್ಟಿದೆ ಎಲ್ಲಾ ಬರೆದು ಅದರ ಫೋಟೋನೂ ಇಟ್ಕೋತೀನಿ. ಗೇಟ್ ಹುಡುಗ "ಏನಣ್ಣ ಕಾದಂಬರಿ ಬರೀತಿದೀರಾ" ಅಂತ ನಗ್ತಾನೆ. ನಗಲಿ. ನೀವೂ ಈ ಸರ್ವಿಸ್ ತಗೊಳೋದಾದ್ರೆ ಇಷ್ಟು ಮಾಡಿ, ಇಲ್ದಿದ್ರೆ ಬೇಡ.

ಮೊನ್ನೆ ಅದೇ ಟ್ರೇಲರ್ ಮತ್ತೆ ನನ್ ಪಾಲಿಗೆ ಬಂತು. ಹೊರಗಡೆ ಹೊಸ ಟೈರ್ ಹಾಕಿದಾರೆ, ಫಳಫಳ ಅಂತಿದೆ. ಜೊತೆಗಾರ ಸಿಡಿದಾಗ ಪೂರ್ತಿ ಭಾರ ಹೊತ್ಕೊಂಡು ಬಂದಿದ್ದು ಒಳಗಿನ ಟೈರು, ಮೊದಲು ಬಿಸಾಕ್ಬೇಕಾಗಿದ್ದೇ ಅದನ್ನ. ಬಗ್ಗಿ ಟಾರ್ಚ್ ಬಿಟ್ಟೆ. 2716, ನಾನು ಹಾಕಿದ ಬಿಳಿ ಗೀಟು ಹಂಗೇ ಇದೆ.